ಅಪ್ಪನ ಸೊಟ್ಟ ಸಾಲು

ಕೌದಿಯನ್ನು ಕೌಂಟರಿನ ಮೇಲೆ ಹರಡಿದ ಕೂಡಲೇ ನಾನು ಹುಡುಕಿದ್ದು ಅಪ್ಪನ ಸಾಲನ್ನು. ಅದು ಅಲ್ಲಿರಲಿಲ್ಲ.

ನೀಲಿ ಪರದೆಯ ತುಂಡಿನ ಮೇಲೆ, ನಡುವಿನಿಂದ ಸ್ವಲ್ಪ ಕೆಳಗೆ, ಕುಡಿದವನ ನಡಿಗೆಯ ಹಾಗೆ ಅತ್ತಿತ್ತ ಹೋಗುತ್ತಿದ್ದ ಬಿಳಿ ದಾರದ ಹೊಲಿಗೆ ಇರಬೇಕಿತ್ತು. ಅದರ ಜಾಗದಲ್ಲಿ ಅಡಿಕೋಲಿಟ್ಟು ಎಳೆದಂತೆ ನೆಟ್ಟಗಿನ ಒಂದು ಸಾಲು ಕೂತಿತ್ತು. ಸುತ್ತಮುತ್ತ ಹಳೆಯ ಸೂಜಿಯ ತೂತುಗಳು ಮಾತ್ರ ಇನ್ನೂ ಕಾಣುತ್ತಿದ್ದವು. ನನ್ನ ಮೈಯೆಲ್ಲ ಉರಿದುಹೋಯಿತು.

"ಇದನ್ನ ಬಿಚ್ಚಿದ್ದು ಎಲ್ಲಿ?" ಎಂದೆ.

ಟೈಲರ್ ಕತ್ತರಿ ಕೆಳಗಿಟ್ಟ. "ಇಲ್ಲೇ. ನಮ್ಮ ಅಂಗಡೀಲೇ."

"ನಾನು ನಿಮಗೆ ಏನು ಕೆಲಸ ಹೇಳಿದ್ದೆ?"

"ಅಂಚಿಗೆ ಪಟ್ಟಿ ಹಾಕೋಕೆ."

"ಒಳಗಿನ ಹೊಲಿಗೆ ಮುಟ್ಟಿ ಅಂದಿದ್ನಾ?"

"ಇಲ್ಲ," ಎಂದ. ತುಟಿಯ ಕೊನೆಯಲ್ಲಿ ಒಂದು ನಗು ಬರಲೋ ಬೇಡವೋ ಎಂದು ಕಾಯುತ್ತಿತ್ತು. ಅದನ್ನು ನೋಡಿ ಉರಿಯುವ ಬೆಂಕಿಗೆ ಎಣ್ಣೆ ಸುರಿದ ಹಾಗಾಯಿತು.

ಆ ಸೊಟ್ಟ ಸಾಲಿನ ಕಥೆ ಹೇಳದಿದ್ದರೆ ನನ್ನ ಕೋಪ ಯಾರಿಗೂ ಅರ್ಥವಾಗುವುದಿಲ್ಲ.

ನಮ್ಮಪ್ಪ ಅಂಗಡಿಗಳಿಗೆ ಬೋರ್ಡ್ ಬರೆಯುವ ಪೇಂಟರ್. ಈ ಬೀದಿ, ಹಿಂದಿನ ಬೀದಿ, ಬಸ್ ನಿಲ್ದಾಣದ ಸುತ್ತಮುತ್ತ, ಎಲ್ಲಿ ಹಳೆಯ ಬೋರ್ಡ್ ಇದ್ದರೂ ಅದರ ಬಲಗಡೆ ಕೆಳಗೆ ಸಾಸಿವೆಯಷ್ಟು ಒಂದು ಕೆಂಪು ಚುಕ್ಕೆ ಇರುತ್ತದೆ. ಅದು ಅಪ್ಪನ ಸಹಿ. ಚುಕ್ಕೆ ಇಟ್ಟರೆ ಕೆಲಸ ಮುಗಿಯಿತೆಂದು ಬೋರ್ಡಿಗೂ ಗೊತ್ತಾಗುತ್ತದೆ ಎನ್ನುತ್ತಿದ್ದರು. ಗೆರೆ ಎಳೆಯಲು ಅವರಿಗೆ ಸ್ಕೇಲು ಬೇಕಿರಲಿಲ್ಲ, ದಾರ ಬೇಕಿರಲಿಲ್ಲ. ಏಣಿಯ ಮೇಲೆ ನಿಂತು, ಉಸಿರು ಹಿಡಿದು ಒಮ್ಮೆ ಕೈ ಓಡಿಸಿದರೆ ಮುಗಿಯಿತು.

ಹೋದ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಕಾಲು ಮೆಲ್ಲಗೆ ಸರಿಹೋಯಿತು, ಮಾತು ಸರಿಹೋಯಿತು. ಬಲಗೈ ಮಾತ್ರ ಯಾರದೋ ಕೈಯಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ವ್ಯಾಯಾಮ ಹೇಳಿಕೊಡುವವರು ಆ ಕೈಗೆ ಒಂದು ರಬ್ಬರ್ ಚೆಂಡು ಕೊಟ್ಟು ಹಿಸುಕಿ ಎಂದರು. ಅಪ್ಪ ಅದನ್ನು ಡ್ರಾಯರಿನಲ್ಲಿ ಹಾಕಿ ಮುಚ್ಚಿಬಿಟ್ಟರು.

ಆ ದಿನಗಳಲ್ಲೇ ನಾನು, ಅಮ್ಮ ಕೂತು ಕೌದಿ ಹೊಲಿಯಲು ಶುರುಮಾಡಿದ್ದೆವು. ಅಪ್ಪನ ಬಣ್ಣ ಮೆತ್ತಿದ ಅಂಗಿಗಳು, ಹಳೆಯ ಪರದೆ, ನನ್ನ ಚಿಕ್ಕಂದಿನ ಫ್ರಾಕು, ಸವೆದ ಹಾಸಿಗೆ ಬಟ್ಟೆ, ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿ ಸಾಲಾಗಿ ಹೊಲಿಯುವುದು. ಬಿಸಾಡಲು ಮನಸ್ಸು ಬಾರದ ಬಟ್ಟೆಗೆಲ್ಲ ಅದೊಂದು ದಾರಿ. ಒಂದು ಮಧ್ಯಾಹ್ನ ಅಪ್ಪ ಏನೂ ಹೇಳದೆ ಬಂದು ಎಡಗೈ ಚಾಚಿದರು. ಅಮ್ಮ ದಾರ ಪೋಣಿಸಿ ಸೂಜಿ ಕೊಟ್ಟಳು. ಬಲಗೈಯನ್ನು ಬಟ್ಟೆ ಹಾರದಂತೆ ಕಲ್ಲಿಟ್ಟ ಹಾಗೆ ಇಟ್ಟುಕೊಂಡು, ಎಡಗೈಯಲ್ಲಿ ಒಂದೊಂದೇ ಹೊಲಿಗೆ ಹಾಕಿದರು. ಒಂದು ಸಾಲು ಮುಗಿಸಲು ಎಷ್ಟೋ ಮಧ್ಯಾಹ್ನಗಳು ಬೇಕಾದವು. ಒಂದು ಹೊಲಿಗೆ ಬೆರಳುದ್ದ, ಇನ್ನೊಂದು ಉಗುರಿನಷ್ಟು, ಮಧ್ಯೆ ದಾರ ಸಿಕ್ಕಾದ ಗಂಟು.

ನನಗೆ ಕುಣಿಯುವಷ್ಟು ಸಂತೋಷ. ಮನೆಗೆ ಬಂದವರಿಗೆಲ್ಲ ಆ ಸಾಲು ತೋರಿಸಿದೆ. ಚಿಕ್ಕಮ್ಮನಿಗೆ ಫೋಟೋ ಕಳಿಸಿದೆ. ಡಾಕ್ಟರ ಹತ್ತಿರ ಹೋದಾಗ ಕೌದಿಯನ್ನೇ ಚೀಲಕ್ಕೆ ತುಂಬಿಕೊಂಡು ಹೋಗಿ ಮೇಜಿನ ಮೇಲೆ ಹರಡಿದೆ. ಅಪ್ಪ ಅಂಥ ಹೊತ್ತಿನಲ್ಲಿ ಕಿಟಕಿಯ ಕಡೆ ನೋಡುತ್ತಿದ್ದರು. ಸಂಕೋಚ ಇರಬೇಕು ಎಂದುಕೊಂಡಿದ್ದೆ.

ಈಗ ಆ ಸಾಲೇ ಇಲ್ಲ. ಬಿಚ್ಚಿ ಬಿಸಾಡಿದವನು ನಾನು ಮನಸ್ಸು ಕೊಟ್ಟವನು.

ಅವನ ಪರಿಚಯವಾದದ್ದೂ ಜಗಳದಿಂದಲೇ. ಅಪ್ಪ ಆಸ್ಪತ್ರೆಯಿಂದ ಬಂದ ಹೊಸತು. ಬಾಗಿಲು ತಟ್ಟಿದ ಸದ್ದಾಯಿತು, ತೆರೆದರೆ ಈ ಕನ್ನಡಕದ ಮನುಷ್ಯ ಹೊಸ ಬ್ರಷ್ ಒಂದನ್ನು ಕಾಗದದಲ್ಲಿ ಸುತ್ತಿಕೊಂಡು ನಿಂತಿದ್ದ. ಅಂಗಡಿಯ ಬೋರ್ಡ್ ಮಾಸಿದೆ, ಅವನ ತಂದೆಯ ಕಾಲದಲ್ಲಿ ಅಪ್ಪನೇ ಬರೆದದ್ದು, ಮತ್ತೆ ಅದೇ ಕೈಯಿಂದ ಬರೆಸಬೇಕು ಎಂದು ದೊಡ್ಡ ದನಿಯಲ್ಲಿ ಹೇಳಿದ. ಒಳಗಿನ ಕೋಣೆಯಲ್ಲಿ ಅಪ್ಪನಿಗೆ ಪ್ರತಿ ಮಾತೂ ಕೇಳಿಸುತ್ತಿತ್ತು. ಊರಿಗೆಲ್ಲ ಗೊತ್ತಿರುವುದು ನಿಮಗೊಬ್ಬರಿಗೆ ಗೊತ್ತಿಲ್ಲವೇ ಎಂದು ಹಲ್ಲು ಕಚ್ಚಿ ಹೇಳಿ, ಅವನ ಮುಖದ ಮೇಲೆ ಬಾಗಿಲು ಹಾಕಿದೆ. ಆಮೇಲೆ ಕೌದಿಯ ಮುಂದೆ ಕೂತು, ಸಿಟ್ಟಿನಲ್ಲಿ ದಾರ ಜಗ್ಗಿ ಜಗ್ಗಿ ಹೊಲಿದೆ.

ಕೆಲವು ದಿನ ಬಿಟ್ಟು ಅವನು ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದ. ತಪ್ಪಾಯಿತು, ಗೊತ್ತಿರಲಿಲ್ಲ ಎಂದ. ಹಾಗೇ ಕನ್ನಡಕದ ಸ್ಕ್ರೂ ಸಡಿಲವಾಗಿದೆ ಎಂದ. ಬಿಗಿ ಮಾಡಿಕೊಟ್ಟೆ. ಮುಂದಿನ ವಾರ ಮತ್ತೆ ಸಡಿಲವಾಗಿತ್ತು. ಅದರ ಮುಂದಿನ ವಾರವೂ. ಯಾವ ಸ್ಕ್ರೂವೂ ತಾನಾಗಿ ಅಷ್ಟು ಸಲ ಸಡಿಲವಾಗುವುದಿಲ್ಲ ಎಂದು ಆ ಅಂಗಡಿಯಲ್ಲಿ ಕೂತ ನನಗೆ ಗೊತ್ತಿರದೆ ಇರುತ್ತದೆಯೇ?

ಬಿಗಿ ಮಾಡಿದ ಮೇಲೆ ಕನ್ನಡಕವನ್ನು ನಾನೇ ಅವನ ಮುಖಕ್ಕೆ ಹಾಕಿ, ಕಿವಿಯ ಹಿಂದೆ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ಅದು ನನ್ನ ಕೆಲಸ. ಆಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕಣ್ಣು ತೆರೆದು ನೋಡಿ ಹೇಳಿ ಎಂದರೆ, ನಿಧಾನವಾಗಿ ತೆರೆದು, ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯನ್ನು ಬಿಟ್ಟು ನನ್ನ ಮುಖವನ್ನೇ ಓದುತ್ತಿದ್ದ. ಸರಿಯಾಗಿ ಕಾಣಿಸುತ್ತಿದೆ ಎನ್ನುತ್ತಿದ್ದ. ನನ್ನ ಕಿವಿ ಕೆಂಪಾಗುತ್ತಿತ್ತು.

ಹಾಗಾಗಿ ಕೌದಿಗೆ ಅಂಚಿನ ಪಟ್ಟಿ ಹಾಕಬೇಕಾದಾಗ ಹಿಂದಿನ ಬೀದಿಯ ಅವನ ಅಂಗಡಿಗೇ ಕೊಟ್ಟೆ. ಅಷ್ಟು ದಪ್ಪ ಬಟ್ಟೆಗೆ ಅವನ ದೊಡ್ಡ ಮೆಷಿನ್ನೇ ಬೇಕು. ಕೇಳಲು ಹೋದಾಗಲೆಲ್ಲ ನಾಳೆ ಬನ್ನಿ ಎಂದ. ಎಲ್ಲ ಟೈಲರುಗಳೂ ಹೇಳುವುದು ಅದೇ ತಾನೇ? ನಾನವನಿಗೆ ನಾಳೆರಾಯ ಎಂದು ಹೆಸರಿಟ್ಟೆ. ಸುಳ್ಳೇಕೆ ಹೇಳಲಿ, ನಾಳೆ ಮತ್ತೆ ಹೋಗಬಹುದಲ್ಲ ಎಂದು ಒಳಗೊಳಗೇ ಖುಷಿಯೂ ಇತ್ತು.

ಅಷ್ಟು ನಾಳೆಗಳ ನಂತರ ಅವನು ಕೊಟ್ಟದ್ದು ಇದು.

"ಸೊಟ್ಟ ಕಂಡ್ರೆ ನಿಮಗೆ ಕೈ ತುರಿಸುತ್ತೆ ಅಲ್ವಾ?" ಎಂದೆ. ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದ ಹೆಂಗಸೊಬ್ಬಳು ಮೂಲೆಯಲ್ಲಿ ನಿಂತು ಕಣ್ಣು ಬಿಟ್ಟು ನೋಡುತ್ತಿದ್ದಳು. ನೋಡಲಿ ಎಂದುಕೊಂಡೆ. "ಅದು ತಪ್ಪು ಹೊಲಿಗೆ ಅಲ್ಲ ರೀ. ನಮ್ಮಪ್ಪನ ಕೈ. ಕಣ್ಣು ಕಟ್ಟಿ ಬಿಟ್ರೂ ಬೆರಳಲ್ಲಿ ಮುಟ್ಟಿ ಗುರುತು ಹಿಡೀತೀನಿ ನಾನು. ಅದನ್ನ ಬಿಚ್ಚಿ ನಿಮ್ಮ ಶೋಕಿ ಹೊಲಿಗೆ ಹಾಕಿದೀರಿ."

ಅವನ ತುಟಿಯ ನಗು ಹೋಗಿತ್ತು. "ಸಾಲಿನ ಕೊನೆವರೆಗೂ ನೋಡಿದ್ರಾ?" ಎಂದು ಮೆಲ್ಲಗೆ ಕೇಳಿದ.

"ನೋಡೋಕೆ ಏನು ಉಳಿಸಿದೀರಿ?"

"ಒಂದ್ಸಲ ಕೊನೆವರೆಗೂ ನೋಡಿ."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ. ಹೇಳೋದಿದ್ರೆ ಹೇಳಿ."

ಅವನು ತುಟಿ ಪಿಟಕ್ ಎನ್ನಲಿಲ್ಲ. ಆ ಮೌನವನ್ನು ನಾನು ಅಹಂಕಾರ ಎಂದುಕೊಂಡೆ. ಕೌದಿಯನ್ನು ಉಂಡೆ ಮಾಡಿ ಎದೆಗವಚಿಕೊಂಡೆ. ಒಂದು ಬದಿಯ ಪಟ್ಟಿ ಇನ್ನೂ ಬಾಕಿ ಇದೆ ಎಂದ. ಹಾಗೇ ಇರಲಿ ಎಂದೆ. ನಿಮ್ಮ ಸ್ಕ್ರೂಗೆ ಬೇರೆ ಅಂಗಡಿ ನೋಡಿಕೊಳ್ಳಿ ಎಂದೆ. ಇನ್ನು ಈ ಮೆಟ್ಟಿಲು ಹತ್ತಿದರೆ ಕೇಳಿ ಎಂದೆ. ಬಾಯಿಗೆ ಬಂದದ್ದೆಲ್ಲ ಅಂದು ಹೊರಗೆ ಬಂದ ಮೇಲೆ ಕಣ್ಣಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು.

ಮನೆಗೆ ಬಂದಾಗ ಅಪ್ಪ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಗೆದ ಅಂಗಿ, ಬಾಚಿದ ತಲೆ. ಎಲ್ಲಿಗಾದರೂ ಹೊರಟಿದ್ದಾರೇನೋ ಎನ್ನುವ ಹಾಗೆ.

"ತಂದ್ಯಾ?" ಎಂದರು.

ಕೌದಿ ನನ್ನ ಚೀಲದಲ್ಲಿತ್ತು. ಅವರ ಸಾಲು ಹೋಗಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಇನ್ನೂ ಆಗಿಲ್ಲವಂತೆ, ನಾಳೆ ಅಂದ ಎಂದು ಸುಳ್ಳು ಹೇಳಿದೆ. ಅಪ್ಪನ ಮುಖ ಇಳಿದುಹೋಯಿತು. ಪಟ್ಟಿ ಹಾಕುವುದಕ್ಕೆ ಇಷ್ಟೊಂದು ಆಸೆಯೇ ಎಂದು ನನಗೆ ಅಚ್ಚರಿಯಾಯಿತು, ಆದರೆ ಅದನ್ನು ಯೋಚಿಸುವಷ್ಟು ತಾಳ್ಮೆ ನನಗೆಲ್ಲಿತ್ತು? ಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ.

ನಾನು ನಿರ್ಧಾರ ಮಾಡಿಯಾಗಿತ್ತು. ಈ ನೆಟ್ಟಗಿನ ಸಾಲನ್ನು ಬಿಚ್ಚುತ್ತೇನೆ. ಹಳೆಯ ತೂತುಗಳು ಹೇಗೂ ಇವೆ. ಅವುಗಳಲ್ಲೇ ಸೂಜಿ ಆಡಿಸಿ ಅಪ್ಪನ ಸೊಟ್ಟ ಸಾಲನ್ನು ಹಾಗೆಯೇ ವಾಪಸ್ಸು ತರುತ್ತೇನೆ. ಅಪ್ಪನಿಗೆ ಗೊತ್ತೇ ಆಗದ ಹಾಗೆ.

ಸಣ್ಣ ಕತ್ತರಿ ತೆಗೆದುಕೊಂಡು ಎಡಗಡೆಯಿಂದ ಶುರುಮಾಡಿದೆ. ಪ್ರತಿ ಹೊಲಿಗೆ ಕತ್ತರಿಸುವಾಗಲೂ ಅವನಿಗೊಂದು ಬೈಗುಳ. ಹೊಲಿಗೆ ಗಟ್ಟಿಯಾಗಿತ್ತು, ಒಂದೇ ಅಳತೆಯಾಗಿತ್ತು, ಅದಕ್ಕೆ ಇನ್ನೂ ಸಿಟ್ಟು. ಒಂದು ಗೇಣಿನಷ್ಟು ಬಿಚ್ಚಿಯಾಯಿತು. ಕೌದಿ ಜಾರುತ್ತಿತ್ತೆಂದು ಬಲಗಡೆಯನ್ನು ಮಡಿಲಿಗೆ ಎಳೆದುಕೊಂಡೆ.

ಸಾಲಿನ ಕೊನೆಯಲ್ಲಿ, ಸ್ವಲ್ಪ ಕೆಳಗೆ, ಕೆಂಪು ದಾರದ ಒಂದು ಗಂಟಿತ್ತು. ಸಾಸಿವೆಯಷ್ಟು.

ಕತ್ತರಿ ಕೈಯಿಂದ ಬಿತ್ತು.

ಚಿಲಕ ತೆಗೆದಾಗ ಅಮ್ಮ ಬಾಗಿಲಲ್ಲೇ ಇದ್ದಳು. ಅವಳು ಕೌದಿ ನೋಡಿದಳು, ಬಿಚ್ಚಿದ ದಾರದ ತುಂಡುಗಳನ್ನು ನೋಡಿದಳು, ಹಣೆ ಹಣೆ ಚಚ್ಚಿಕೊಂಡಳು. ಅವಳಿಂದಲೇ ನನಗೆ ವಿಷಯ ತಿಳಿದದ್ದು. ಅಪ್ಪ ಮಧ್ಯಾಹ್ನ ವಾಕಿಂಗ್ ಎಂದು ಹೋಗುತ್ತಿದ್ದದ್ದು ಟೈಲರ್ ಅಂಗಡಿಗಂತೆ. ಆ ಸೊಟ್ಟ ಸಾಲನ್ನು ಬಿಚ್ಚಲು ಹೇಳಿದವರು ಅವರೇ. ಅಲ್ಲಿ ಕಿಟಕಿಯ ಬೆಳಕಲ್ಲಿ ಕೂತು, ಹೊಲಿದು, ಬಿಚ್ಚಿ, ಮತ್ತೆ ಹೊಲಿದು, ನೆಟ್ಟಗಾಗುವವರೆಗೂ ಬಿಡಲಿಲ್ಲವಂತೆ. ಮಗಳೇ ನೋಡಿ ಗುರುತು ಹಿಡಿಯಬೇಕು, ಅಲ್ಲಿಯವರೆಗೂ ಬಾಯಿ ಬಿಡಬಾರದು ಎಂದು ಅವನಿಂದಲೂ ಅಮ್ಮನಿಂದಲೂ ಮಾತು ತೆಗೆದುಕೊಂಡಿದ್ದರಂತೆ.

"ಕನ್ನಡಕದ ಅಂಗಡೀಲಿ ಕೆಲಸ, ಕಣ್ಣು ಮಾತ್ರ ಕಾಣಲ್ಲ," ಎಂದಳು ಅಮ್ಮ. "ಆ ಹುಡುಗನ್ನ ಏನೇನು ಅಂದು ಬಂದೆ?"

ನಾನು ದಾರದ ತುಂಡುಗಳನ್ನು ಹೆಕ್ಕತೊಡಗಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಗೊಣಗುತ್ತ ಅಮ್ಮ ಒಳಗೆ ಹೋದಳು.

ಅಪ್ಪನ ಮುಂದೆ ಕೌದಿ ಇಟ್ಟೆ. ಅವರು ಎಡಗೈಯಿಂದ ಸವರುತ್ತ ಹೋದರು. ಬಿಚ್ಚಿದ ಜಾಗದಲ್ಲಿ ಬೆರಳು ನಿಂತಿತು.

"ಇದನ್ನ ಬಿಚ್ಚಿದ್ದು ಯಾರು?"

"ನಾನು."

ಅವರ ಬೆರಳು ಅಲ್ಲಿಂದ ಕದಲಲಿಲ್ಲ. ನಾನೇ ತಡೆಯಲಾರದೆ, ಆ ಸಾಲು ನನಗೆ ಎಷ್ಟು ಇಷ್ಟವಾಗಿತ್ತು, ಸೊಟ್ಟಗಿದ್ದರೆ ಏನಾಯಿತು, ಯಾಕೆ ಬಿಚ್ಚಿಸಿದಿರಿ ಎಂದು ಕೇಳಿದೆ. ಕೇಳುವಾಗ ನನ್ನ ದನಿ ಮತ್ತೆ ಏರಿತ್ತು.

"ನಿನಗೆ ಇಷ್ಟ ಆಗಿತ್ತು ಪುಟ್ಟಿ. ಹೊಲಿದವನು ನಾನು," ಎಂದರು ಅಪ್ಪ. ಸ್ಟ್ರೋಕ್ ಆದ ಮೇಲೆ ಅವರ ಸಿಟ್ಟನ್ನು ನಾನು ನೋಡಿರಲಿಲ್ಲ. "ಮಗು ಗೀಚಿದ ಚಿತ್ರ ತೋರಿಸೋ ಹಾಗೆ ಊರಿಗೆಲ್ಲ ತೋರಿಸಿದೆ. ಡಾಕ್ಟರು ಭೇಷ್ ಅಂದ್ರು. ನಲವತ್ತು ವರ್ಷ ಗೆರೆ ಎಳೆದೋನು ನಾನು, ಸೊಟ್ಟ ಗೆರೆಗೆ ಭೇಷ್ ಅನ್ನಿಸ್ಕೊಂಡು ಕೂರಬೇಕಾ? ಸೊಟ್ಟ ಹೊಲಿದಾಗ ಇದು ನಮ್ಮಪ್ಪಂದು ಅಂದೆ. ನೆಟ್ಟಗೆ ಹೊಲಿದಾಗ ನಂಬಲೇ ಇಲ್ಲ."

ಅವರ ಮಂಡಿಯ ಮೇಲೆ ತಲೆಯಿಟ್ಟು ಅತ್ತೆ. ಸ್ವಲ್ಪ ಹೊತ್ತಿನ ಮೇಲೆ ಎಡಗೈ ನನ್ನ ತಲೆಯ ಮೇಲೆ ಬಂತು.

"ನಾಳೆ ಅಂಗಡಿಗೆ ವಾಪಸ್ಸು ಕೊಟ್ಟು ಬಾ. ಉಳಿದದ್ದು ಅಲ್ಲೇ ಹೊಲೀತೀನಿ. ಅಲ್ಲಿ ಬೆಳಕು ಚೆನ್ನಾಗಿದೆ, ಚಪ್ಪಾಳೆ ತಟ್ಟೋರು ಯಾರೂ ಇಲ್ಲ."

ಬೆಳಿಗ್ಗೆ ಅವನ ಅಂಗಡಿಯ ಮುಂದೆ ನಿಂತು ಮೊದಲ ಸಲ ಆ ಬೋರ್ಡನ್ನು ಸರಿಯಾಗಿ ನೋಡಿದೆ. ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು. ಕೆಂಪು ಚುಕ್ಕೆ ಮಾತ್ರ ಇನ್ನೂ ಇತ್ತು. ಬೇರೆ ಯಾರ ಕೈಯಿಂದಲೂ ಅವನು ಆ ಬೋರ್ಡನ್ನು ಬರೆಸಿರಲಿಲ್ಲ.

ಹತ್ತುವುದಿಲ್ಲ ಎಂದಿದ್ದ ಮೆಟ್ಟಿಲು ಹತ್ತಿದೆ. ಅವನು ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಬಟ್ಟೆಗೆ ಗುರುತು ಹಾಕುತ್ತಿದ್ದ. ತಲೆ ಎತ್ತಿದ, ಮತ್ತೆ ತಗ್ಗಿಸಿದ.

"ಜಗಳ ಆಡೋಕೆ ಬಂದಿದೀನಿ," ಎಂದೆ.

"ಕೂತ್ಕೊಂಡು ಆಡಿ." ಸ್ಟೂಲನ್ನು ಕಾಲಿನಿಂದ ಈಚೆಗೆ ತಳ್ಳಿದ. ಮುಖ ನೋಡಲಿಲ್ಲ.

"ಅಷ್ಟು ಬೈದ್ರೂ ಯಾಕೆ ಸುಮ್ಮನೆ ಇದ್ರಿ? ನಿಮ್ಮಪ್ಪಂದೇ ಕಣ್ರೀ ಅಂತ ಒಂದು ಮಾತು ಹೇಳಿದ್ರೆ ಗಂಟೇನು ಹೋಗ್ತಿತ್ತು?"

"ಪೇಂಟರ್ ಸಾರ್ ಹತ್ರ ಮಾತು ಕೊಟ್ಟಿದ್ದೆ."

"ನಾನು ಮತ್ತೆ ಬರದೇ ಇದ್ದಿದ್ರೆ?"

ಅವನು ಸೀಮೆಸುಣ್ಣ ಕೆಳಗಿಟ್ಟ. ಕನ್ನಡಕ ತೆಗೆದ. ಅವನಿಗೂ ಕೋಪ ಬರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು. ದನಿ ಏರಲಿಲ್ಲ, ಆದರೆ ಕಿವಿಯ ತುದಿವರೆಗೂ ಕೆಂಪಾಗಿದ್ದ.

"ನಾನೂ ಒಂದು ಕೇಳ್ತೀನಿ. ಇವನು ಹಾಗೆ ಮಾಡೋ ಮನುಷ್ಯ ಅಲ್ಲ, ಏನೋ ಇರಬೇಕು ಅಂತ ನಿಮಗೆ ಒಂದ್ಸಲನೂ ಅನ್ನಿಸಲಿಲ್ವಾ? ಇಷ್ಟು ದಿನ ನನ್ನ ಮುಖ ಅಷ್ಟು ಹತ್ರದಿಂದ ನೋಡಿದೀರಿ. ಬರೀ ಸ್ಕ್ರೂ ನೋಡಿದ್ರಾ?"

ನನ್ನ ಜಗಳವೆಲ್ಲ ಅಲ್ಲಿಗೆ ಮುಗಿಯಿತು. ಅನ್ನಿಸಲಿಲ್ಲ ಎಂದು ನಿಜ ಹೇಳಿದೆ. ಕೋಪ ಬಂದರೆ ನನಗೆ ಅಪ್ಪನೂ ಕಾಣಿಸುವುದಿಲ್ಲ, ನೀವೂ ಕಾಣಿಸುವುದಿಲ್ಲ ಎಂದೆ. ತಪ್ಪಾಯಿತು ಎಂಬ ಮಾತು ನನ್ನ ಬಾಯಲ್ಲಿ ಸುಲಭವಾಗಿ ಬರುವುದಲ್ಲ. ಬಂತು, ಎರಡನೆಯ ಸಲಕ್ಕೆ ಕೇಳಿಸುವಷ್ಟು ಜೋರಾಗಿ.

ಅವನು ಕನ್ನಡಕ ಹಾಕಿಕೊಂಡ. ಕೌದಿ ಬಿಡಿಸಿದ. ಬಿಚ್ಚಿದ ಜಾಗ ನೋಡಿ ಉಸಿರು ಬಿಟ್ಟ. ಪಟ್ಟಿ ಹಾಕದೆ ಬಿಟ್ಟ ಅಂಚನ್ನು ಮೇಲಕ್ಕೆ ತಿರುಗಿಸಿ ನನ್ನ ಮುಂದೆ ಇಟ್ಟ.

"ಇದನ್ನ ನಿಮ್ಮ ಹತ್ರ ಕೇಳಬೇಕಿತ್ತು. ಇದು ನಿಮ್ಮ ಸಾಲಂತೆ, ಸಾರ್ ಹೇಳಿದ್ರು. ದಾರ ಎಳೆದೂ ಎಳೆದೂ ಬಟ್ಟೆ ಮುದುರಿಕೊಂಡಿದೆ. ಇದರ ಮೇಲೆ ಪಟ್ಟಿ ನೆಟ್ಟಗೆ ಕೂರಲ್ಲ. ಬಿಚ್ಚಿ ಹೊಲಿದ್ರೆ ಸರಿಹೋಗುತ್ತೆ. ಹೊಲಿದೋರನ್ನ ಕೇಳದೆ ಮುಟ್ಟಬಾರದು ಅಂತ ಬಿಟ್ಟಿದೀನಿ."

ನಾನು ಅಂಚನ್ನು ಬೆರಳಲ್ಲಿ ಮುಟ್ಟಿದೆ. ಬಟ್ಟೆ ಹಣೆ ಗಂಟಿಕ್ಕಿದ ಹಾಗೆ ಮುದುರಿತ್ತು. ಅಷ್ಟು ಬಿಗಿಯಾಗಿ ನಾನು ಹೊಲಿದದ್ದು ಒಂದೇ ದಿನ. ಹೊಸ ಬ್ರಷ್ ಹಿಡಿದು ಬಂದವನ ಮುಖದ ಮೇಲೆ ಬಾಗಿಲು ಹಾಕಿ, ಬಂದು ಕೂತು ಹೊಲಿದ ದಿನ.

"ಬಿಚ್ಚಲಾ?" ಎಂದ.

"ಬೇಡ."

"ಪಟ್ಟಿ ಸುಕ್ಕಾಗುತ್ತೆ."

"ಆಗಲಿ. ಅದು ನಿಮ್ಮನ್ನ ಮೊದಲು ನೋಡಿದ ದಿನದ ಸಾಲು."

ಮುದುರಿದ ಬಟ್ಟೆಯನ್ನು ನೋಡಿದ, ನನ್ನನ್ನು ನೋಡಿದ. "ಅವತ್ತು ನನ್ನ ಮೇಲೆ ಇಷ್ಟು ಕೋಪ ಇತ್ತಾ?"

"ಈಗಲೂ ಇದೆ. ಮುಂದೂ ಬರುತ್ತೆ. ಇದನ್ನ ಹೊದ್ದುಕೊಳ್ಳೋರಿಗೆ ಮೊದಲೇ ಗೊತ್ತಿರಲಿ ಅಂತ."

"ಹೊದ್ದುಕೊಳ್ಳೋರು ಯಾರು?"

"ತಮ್ಮ ಸ್ಕ್ರೂ ತಾವೇ ಸಡಿಲ ಮಾಡ್ಕೊಂಡು ಬರೋರು," ಎಂದೆ. ಹೇಳಿದ ಮೇಲೆ ಅವನ ಕಡೆ ನೋಡಲು ಆಗದೆ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸತೊಡಗಿದೆ. ಅವನ ಕೈ ಬಂದು ನನ್ನ ಕೈಯ ಮೇಲೆ ಕೂತಿತು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು. ಜೋಡಿಸುವುದನ್ನು ನಿಲ್ಲಿಸಿದೆ.

ಮಧ್ಯಾಹ್ನ ಅಪ್ಪ ಬಂದರು. ಅವತ್ತು ನಾನು ಕೆಲಸಕ್ಕೆ ರಜೆ ಹಾಕಿ ಅಲ್ಲೇ ಇದ್ದೆ. ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ನಾನು ಬಿಚ್ಚಿದ ಜಾಗದಿಂದ ಶುರುಮಾಡಿದರು. ನಾನು ಭೇಷ್ ಎನ್ನಲಿಲ್ಲ. ಫೋಟೋ ತೆಗೆಯಲಿಲ್ಲ. ದಾರ ಮುಗಿದಾಗ ಪೋಣಿಸಿ ಕೊಟ್ಟೆ, ಅಷ್ಟೇ.

ಆ ಕಡೆ ಮೆಷಿನ್ ನನ್ನ ಸುಕ್ಕಿನ ಮೇಲೆ ನಿಧಾನವಾಗಿ ಪಟ್ಟಿ ಹತ್ತಿಸುತ್ತಿತ್ತು. ಯಾವಾಗ ಮುಗಿಯುತ್ತೆ ಎಂದು ಕೇಳಿದೆ. ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನಾಳೆ," ಎಂದ.

"ಇನ್ನೊಂದ್ಸಲ ನಾಳೆ ಅಂದ್ರೆ ಕಾಲು ಮುರೀತೀನಿ," ಎಂದೆ.

"ಜಗಳ ಆಮೇಲೆ ಆಡ್ಕೊಳ್ಳಿ," ಎಂದರು ಅಪ್ಪ ತಲೆ ಎತ್ತದೆ. "ನನ್ನ ಸಾಲು ಸೊಟ್ಟ ಹೋಗುತ್ತೆ."

ನಾನು ಸುಮ್ಮನಾದೆ.